ಝೀರೋ ನಂಬರ್ ಲೆನ್ಸ್: ಕಲಬುರಗಿಯ ಒಂದು ಕಣ್ಣಿನ ಪ್ರಕರಣ

ಬುಧವಾರ ಬೆಳಿಗ್ಗೆ ಅಂಗಡಿ ತೆಗೆದು ಇನ್ನೂ ಕಪಾಟಿನ ಧೂಳು ಒರೆಸುತ್ತಿದ್ದೆ. 20 ವರ್ಷದ ಹುಡುಗನೊಬ್ಬ ಗೆಳೆಯನ ಭುಜ ಹಿಡಿದುಕೊಂಡು ಒಳಗೆ ಬಂದ. ಎಡಗಣ್ಣಿನ ಮೇಲೆ ಕರ್ಚೀಫ್ ಒತ್ತಿ ಹಿಡಿದಿದ್ದ. ಬಲಗಣ್ಣೂ ಅರ್ಧ ಮುಚ್ಚಿತ್ತು. "ಕಣ್ಣು ಬಂದಾವ್ರಿ ಸರ್, ಒಂದು ಕಪ್ಪು ಚಷ್ಮಾ ಕೊಡ್ರಿ. ಬೆಳಕು ನೋಡ್ಲಾಕ ಆಗವಲ್ದು" ಅಂದ.

ನಾನು ಆಪ್ಟೊಮೆಟ್ರಿಸ್ಟ್. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಚಷ್ಮಾದ ಅಂಗಡಿ ಇದೆ, ಅಲ್ಲೇ ಕಣ್ಣಿನ ನಂಬರ್ ತೆಗೆಯುತ್ತೇನೆ. ಈ ಹುಡುಗನ ಕಥೆಯನ್ನು ಅವನನ್ನೂ ಅವನ ತಾಯಿಯನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಕಾಲೇಜು ಹೇಳುವುದಿಲ್ಲ. ಜೇವರ್ಗಿ ಕಡೆಯ ಹಳ್ಳಿಯವನು, ಇಲ್ಲಿ ಮೂವರು ಗೆಳೆಯರ ಜೊತೆ ರೂಮ್ ಮಾಡಿಕೊಂಡು ಬಿಎ ಓದುತ್ತಿದ್ದ, ಜೊತೆಗೆ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೂ ತಯಾರಿ ನಡೆಸಿದ್ದ, ಅಷ್ಟು ಗೊತ್ತಿದ್ದರೆ ಸಾಕು.

ನಮ್ಮ ಕಡೆ ಕಣ್ಣು ಕೆಂಪಾಯಿತೆಂದರೆ ಎಲ್ಲರೂ ಹೇಳುವುದು ಒಂದೇ ಮಾತು, ಕಣ್ಣು ಬಂದಾವ ಅಂತ. ಆದರೆ ಕಣ್ಣು ಬಂದವರು ಹೀಗೆ ಇರುವುದಿಲ್ಲ. ಅವರಿಗೆ ಗೀಜು ಇರುತ್ತದೆ, ಉರಿ ಇರುತ್ತದೆ, ಸಾಮಾನ್ಯವಾಗಿ ಒಂದರ ಹಿಂದೆ ಒಂದು ಎರಡೂ ಕಣ್ಣು ಕೆಂಪಾಗುತ್ತವೆ, ನೋಟ ಮಾತ್ರ ಹೆಚ್ಚು ಕಡಿಮೆ ಸರಿ ಇರುತ್ತದೆ. ಇವನಿಗೆ ಕೆಟ್ಟಿದ್ದು ಒಂದೇ ಕಣ್ಣು. ರಾತ್ರಿಯೆಲ್ಲ ನಿದ್ದೆ ಬಿಡಿಸುವಂಥ ನೋವು. ಬಾಗಿಲ ಕಡೆ ಮುಖ ಮಾಡಲಿಕ್ಕೂ ಆಗುತ್ತಿರಲಿಲ್ಲ. ಕರ್ಚೀಫ್ ತೆಗೆಸಿ ಟಾರ್ಚ್ ಹಿಡಿದೆ. ಕಪ್ಪು ಗುಡ್ಡೆಯ ಮೇಲೆ, ನಡುವಿನಿಂದ ಸ್ವಲ್ಪ ಕೆಳಗೆ, ಜೋಳದ ನುಚ್ಚಿನಷ್ಟು ಬಿಳಿ ಕಲೆ ಕಂಡಿತು.

ಬಲಗಣ್ಣಿನಿಂದ ಚಾರ್ಟಿನ ಕೊನೆಯ ಸಾಲಿನವರೆಗೂ ಓದಿದ, 6/6, ಅಂದರೆ ಪೂರ್ತಿ ಸರಿ ಇರುವ ನೋಟ. ಎಡಗಣ್ಣಿಗೆ ಎಲ್ಲಕ್ಕಿಂತ ಮೇಲಿರುವ ದೊಡ್ಡ ಅಕ್ಷರವೂ ಕಾಣಲಿಲ್ಲ. 1 ಮೀಟರ್ ದೂರ ನಿಂತು ಬೆರಳು ತೋರಿಸಿದರೆ ಎಣಿಸಿದ, ಅಷ್ಟೇ.

"ಲೆನ್ಸ್ ಹಾಕ್ತೀಯೇನು ತಮ್ಮಾ?" ಅಂತ ಕೇಳಿದೆ. ಇಲ್ರಿ ಅಂದ. ನಂಬರ್ ಇಲ್ಲರಿ ನನಗ ಅಂದ. ಆಗ ಗೆಳೆಯ ಮೆಲ್ಲಗೆ ಬಾಯಿ ಬಿಟ್ಟ. "ಗ್ಯಾದರಿಂಗ್‌ನಾಗ ಕೆಂಪು ಲೆನ್ಸ್ ಹಾಕಿದ್ದನಲ್ರಿ. ಝೀರೋ ನಂಬರಿಂದು."

ಹುಡುಗ ಸುಳ್ಳು ಹೇಳಿರಲಿಲ್ಲ. ಅವನ ಲೆಕ್ಕದಲ್ಲಿ ಅದು ಮೇಕಪ್. ಮುಖಕ್ಕೆ ಹಚ್ಚಿದ ಬಣ್ಣದ ಹಾಗೆ, ಅಂಟಿಸಿದ ಮೀಸೆಯ ಹಾಗೆ. ಈ ತಿಳುವಳಿಕೆಯೇ ಅವನಿಗೆ ನಾಲ್ಕು ದಿನ ಕಳೆಯುವಂತೆ ಮಾಡಿತು.

ಆ ನಾಲ್ಕು ದಿನ ಹೇಗೆ ಕಳೆದವು ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಯಾವುದೋ ಒಂದೇ ದೊಡ್ಡ ತಪ್ಪು ಆಗಿಲ್ಲ. ಸಣ್ಣ ಸಣ್ಣವು ಒಂದಕ್ಕೊಂದು ಕೂಡಿಕೊಂಡವು.

ಮಾರ್ಚ್ ತಿಂಗಳು. ಶರಣಬಸವೇಶ್ವರ ಜಾತ್ರೆ ಮುಗಿದಿತ್ತು, ಬಿಸಿಲು ಏರುತ್ತಿತ್ತು, ಕಾಲೇಜಿನಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ ಇತ್ತು. ಪುರಾಣದ ನಾಟಕದಲ್ಲಿ ಇವನದು ರಾಕ್ಷಸನ ಪಾತ್ರ. ಮೊಬೈಲ್‌ನಲ್ಲಿ ಹುಡುಕಿ ಕೆಂಪು ಲೆನ್ಸ್ ತರಿಸಿದ, ಜೋಡಿಗೆ 400 ರೂಪಾಯಿಯ ಒಳಗೆ. ಲಿಪ್‌ಸ್ಟಿಕ್, ನೇಲ್ ಪಾಲಿಶ್ ಮಾರುವ ವಿಭಾಗದಲ್ಲೇ ಇದೂ ಇತ್ತಂತೆ. ಆಮೇಲೆ ಆ ಡಬ್ಬಿಯನ್ನು ನಾನು ನೋಡಿದೆ. ತಯಾರಿಸಿದವರ ವಿಳಾಸ ಇಲ್ಲ. ಯಾವ ವಸ್ತುವಿನಿಂದ ಮಾಡಿದ್ದು ಅಂತ ಇಲ್ಲ. ಬಾಗಿನ ಅಳತೆ ಇಲ್ಲ. ಎಷ್ಟು ದಿನ ಬಳಸಬಹುದು ಅಂತ ಇಲ್ಲ. ಇದ್ದದ್ದು ಒಂದು ಕಣ್ಣಿನ ಚಿತ್ರ, ಅದರ ಕೆಳಗೆ 0.00 ಅಂತ ಸಂಖ್ಯೆ.

ಜೊತೆಗೆ ಸಣ್ಣ ಬಾಟಲಿಯಲ್ಲಿ ದ್ರಾವಣ ಬಂದಿತ್ತು. ಮೊದಲ ದಿನದ ರಿಹರ್ಸಲ್‌ನಲ್ಲೇ ಅದು ಮುಗಿಯಿತು. ಆಮೇಲೆ ರೂಮಿನ ಕ್ಯಾನ್ ನೀರಿನಲ್ಲಿ ತೊಳೆದು, ನೀರಿನ ಬಾಟಲಿಯ ಮುಚ್ಚಳದಲ್ಲಿ ಅದೇ ನೀರು ಹಾಕಿ ಇಟ್ಟ. ಕುಡಿಯುವ ನೀರು, ಫಿಲ್ಟರ್ ಆದದ್ದು, ಇದಕ್ಕಿಂತ ಶುದ್ಧ ಇನ್ನೇನು ಬೇಕು ಅನ್ನುವುದು ಅವನ ಲೆಕ್ಕ. ಜೊತೆಗಿದ್ದ ಗೆಳೆಯನೂ ಒಂದು ಸಲ ಹಾಕಿಕೊಂಡು ಇಪ್ಪತ್ತು ನಿಮಿಷ ಸೆಲ್ಫಿ ತೆಗೆದುಕೊಂಡ.

ಶನಿವಾರ ನಾಟಕ. ಮಧ್ಯಾಹ್ನ 2ಕ್ಕೆ ಬಣ್ಣ ಹಚ್ಚುವ ಮೊದಲೇ ಲೆನ್ಸ್ ಹಾಕಿದರು. ಕಾರ್ಯಕ್ರಮ ತಡವಾಯಿತು, ಇವರ ಸರದಿ ಬಂದಾಗ ರಾತ್ರಿ 9. ಸಂಜೆಯಿಂದಲೇ ಎಡಗಣ್ಣಿನಲ್ಲಿ ಹರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಪೌಡರ್ ಹೋಗಿರಬೇಕು ಅಂದುಕೊಂಡು ತಡೆದುಕೊಂಡ. ರಾತ್ರಿ 11:30ಕ್ಕೆ ರೂಮಿಗೆ ಬಂದು ಬಲಗಣ್ಣಿನದನ್ನು ತೆಗೆದ. ಎಡಗಣ್ಣಿನದು ಬರಲಿಲ್ಲ. ಒಣಗಿ ಅಂಟಿಕೊಂಡಿತ್ತು. ದಣಿದಿದ್ದ, ಹಾಗೇ ಮಲಗಿಬಿಟ್ಟ.

ಭಾನುವಾರ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಉಗುರಿನಿಂದ ಕಿತ್ತು ತೆಗೆದ. ತೆಗೆದದ್ದೇ ಜೀವ ಹೋದಷ್ಟು ನೋವಾಯಿತು ಅಂತ ಹೇಳಿದ. ಆ ನೋವಿಗೆ ಕಾರಣ ಇದೆ. ಒಣಗಿದ ಲೆನ್ಸ್ ಬರುವಾಗ ಕಾರ್ನಿಯಾದ, ಅಂದರೆ ಕಪ್ಪು ಗುಡ್ಡೆಯ ಮುಂದಿರುವ ಗಾಜಿನಂಥ ಪರೆಯ, ಮೇಲಿನ ತೆಳು ಪದರವನ್ನೂ ಕಿತ್ತುಕೊಂಡು ಬಂದಿತ್ತು.

ಆಮೇಲೆ ಮೆಡಿಕಲ್ ಶಾಪ್. ಯಾವ ಅಂಗಡಿ ಅಂತ ಹೇಳುವುದಿಲ್ಲ. ಕಣ್ಣು ಬಂದಾವ ಅಂದ, ಅವರು ಒಂದು ಡ್ರಾಪ್ಸ್ ಕೊಟ್ಟರು. ಲೆನ್ಸ್ ಹಾಕಿದ್ದೆ ಅಂತ ಇವನು ಹೇಳಲಿಲ್ಲ, ಅವರು ಕೇಳಲಿಲ್ಲ. ಆ ಬಾಟಲಿಯಲ್ಲಿ ಆ್ಯಂಟಿಬಯೋಟಿಕ್ ಜೊತೆ ಡೆಕ್ಸಾಮೆಥಾಸೋನ್ ಇತ್ತು, ಅಂದರೆ ಸ್ಟೆರಾಯ್ಡ್. ಅದನ್ನು ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ಸ್ಟೆರಾಯ್ಡ್ ಮಾಡುವುದು ಒಂದೇ ಕೆಲಸ, ಉರಿಯೂತ ತಗ್ಗಿಸುವುದು. ಕೆಂಪು ಕಡಿಮೆ ಆಗುತ್ತದೆ, ನೋವು ಇಳಿಯುತ್ತದೆ, ಔಷಧ ಹತ್ತಿತು ಅನಿಸುತ್ತದೆ. ಆದರೆ ಸೋಂಕಿನ ಜೊತೆ ಬಡಿದಾಡುತ್ತಿದ್ದ ದೇಹದ ಕೈಯನ್ನೇ ಅದು ಕಟ್ಟಿಹಾಕುತ್ತದೆ. ಭಾನುವಾರ ಸಂಜೆ, ಸೋಮವಾರ ಇವನಿಗೆ ಆರಾಮ ಅನಿಸಿದ್ದು ಅದಕ್ಕೇ. ಕ್ರಿಮಿಗೆ ಮಾತ್ರ ಆ ಎರಡು ದಿನ ಬಾಗಿಲು ತೆರೆದಿಟ್ಟ ಹಾಗಾಯಿತು. ಮಂಗಳವಾರ ರಾತ್ರಿ ಒಮ್ಮೆಲೇ ಜೋರಾಯಿತು. ಊರಿಂದ ಅಜ್ಜಿ ಫೋನ್‌ನಲ್ಲಿ "ವೇಷದಾಗ ಚೆಂದ ಕಂಡಿದ್ದಿ, ಯಾರದರೆ ದೃಷ್ಟಿ ತಾಕ್ಯಾದ" ಅಂದು ದೃಷ್ಟಿ ತೆಗೆಯಲಿಕ್ಕೆ ಹೇಳಿದರಂತೆ. ಬುಧವಾರ ಕಪ್ಪು ಚಷ್ಮಾ ಕೇಳಿಕೊಂಡು ನನ್ನ ಅಂಗಡಿಗೆ ಬಂದ.

ಚಷ್ಮಾ ಕೊಡಲಿಲ್ಲ. ಶಟರ್ ಎಳೆದು ಆಟೋ ಮಾಡಿಕೊಂಡು ನಾನೇ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಗೆಳೆಯನನ್ನು ರೂಮಿಗೆ ಓಡಿಸಿ ಲೆನ್ಸ್, ಡಬ್ಬಿ, ಆ ಮುಚ್ಚಳ, ಡ್ರಾಪ್ಸ್ ಬಾಟಲಿ ಎಲ್ಲವನ್ನೂ ಹೇಗಿವೆಯೋ ಹಾಗೇ ತರಿಸಿದೆ. ಇದನ್ನು ಎಲ್ಲರೂ ನೆನಪಿಡಬೇಕು. ಲೆನ್ಸಿನಿಂದ ಕಣ್ಣು ಕೆಟ್ಟರೆ ಸಿಟ್ಟಿಗೆ ಲೆನ್ಸ್ ಬಿಸಾಕಬೇಡಿ. ಯಾವ ಕ್ರಿಮಿ ಅನ್ನುವ ಸುಳಿವು ಅದರಲ್ಲೂ ಇರುತ್ತದೆ.

ಡಾಕ್ಟರ್ ಕಣ್ಣನ್ನು ದೊಡ್ಡದು ಮಾಡಿ ತೋರಿಸುವ ಸ್ಲಿಟ್ ಲ್ಯಾಂಪ್ ಹಿಂದೆ ಕೂತು ಫ್ಲೋರೆಸೀನ್ ಅನ್ನುವ ಕಿತ್ತಳೆ ಬಣ್ಣ ಕಣ್ಣಿಗೆ ತಾಗಿಸಿ ನೀಲಿ ಬೆಳಕು ಬಿಟ್ಟರು. ಕಾರ್ನಿಯಾದ ಪದರ ಎಲ್ಲಿ ಕಿತ್ತು ಹೋಗಿರುತ್ತದೋ ಅಲ್ಲಿ ಮಾತ್ರ ಆ ಬಣ್ಣ ಹಸಿರಾಗಿ ಹೊಳೆಯುತ್ತದೆ. ಸುಮಾರು 3 ಮಿಲಿಮೀಟರ್ ಅಗಲದ ಹುಣ್ಣು. ಕಣ್ಣಿನ ಒಳಗೆ, ಕಪ್ಪು ಗುಡ್ಡೆಯ ತಳದಲ್ಲಿ, ಕೀವು ತೆಳುವಾಗಿ ಗೆರೆಯ ಹಾಗೆ ನಿಂತಿತ್ತು. ಕಾರ್ನಿಯಾ ಅನ್ನುವುದು ಇರುವುದೇ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅದರ ಮೂರನೇ ಒಂದು ಪಾಲನ್ನು ಹುಣ್ಣು ಆಗಲೇ ತಿಂದಿತ್ತು.

ಅರಿವಳಿಕೆಯ ಹನಿ ಹಾಕಿ ಹುಣ್ಣಿನ ಅಂಚನ್ನು ಸಣ್ಣಗೆ ಕೆರೆದು ಗಾಜಿನ ಪಟ್ಟಿಯ ಮೇಲೆ ಸವರಿದರು. ನಮ್ಮ ಕಡೆ ಹೊಲದಲ್ಲಿ ಕಣ್ಣಿಗೆ ಕಡ್ಡಿ, ತೌಡು, ಗರಿ ತಾಗಿ ಬರುವ ಹುಣ್ಣುಗಳಲ್ಲಿ ಫಂಗಸ್ ಜಾಸ್ತಿ, ಅದಕ್ಕೆ ಔಷಧವೇ ಬೇರೆ. ಹಾಗಾಗಿ ಮೊದಲು ಅದನ್ನು ನೋಡಲೇಬೇಕು. ಫಂಗಸ್ ಇರಲಿಲ್ಲ. ಕಡ್ಡಿಯಂಥ ಬ್ಯಾಕ್ಟೀರಿಯಾ ಕಂಡವು. ಮೂರನೇ ದಿನ ಕಲ್ಚರ್ ವರದಿ, ಅಂದರೆ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸಿದ ವರದಿ ಬಂತು, ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಮುಚ್ಚಳದ ನೀರಿನಲ್ಲೂ ಅದೇ ಬೆಳೆದಿತ್ತು.

ಸ್ಯೂಡೊಮೊನಾಸ್ ಒದ್ದೆ ಜಾಗದ ಕ್ರಿಮಿ. ನಲ್ಲಿ, ಸಿಂಕ್, ಬಕೆಟ್, ನೀರಿನ ಕ್ಯಾನ್, ಎಲ್ಲೆಲ್ಲೂ ಇರಬಹುದು. ಆ ನೀರು ಕುಡಿದರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಹೊಟ್ಟೆ ನೋಡಿಕೊಳ್ಳುತ್ತದೆ. ಗಾಯವಾದ ಕಾರ್ನಿಯಾ ಸಿಕ್ಕರೆ ಮಾತ್ರ ಅದು ಬಿಡುವ ರಸಗಳು ಕಾರ್ನಿಯಾವನ್ನೇ ಕರಗಿಸುತ್ತವೆ, ಕೆಲವೇ ದಿನದಲ್ಲಿ ತೂತು ಬೀಳಬಹುದು. ಕುಡಿಯಲು ಯೋಗ್ಯ ನೀರು ಅಂದರೆ ಕಣ್ಣಿಗೆ ಹಾಕಲು ಯೋಗ್ಯ ನೀರು ಅಂತ ಅರ್ಥ ಅಲ್ಲ. ಆರ್‌ಒ ನೀರೂ ಅಷ್ಟೇ, ಕಾಯಿಸಿ ಆರಿಸಿದ ನೀರೂ ಅಷ್ಟೇ. ನೀರಿನಲ್ಲಿ ಅಕಾಂತಮೀಬಾ ಅನ್ನುವ ಇನ್ನೊಂದು ಜೀವಿ ಇರುತ್ತದೆ, ಅದು ಕಾರ್ನಿಯಾ ಹೊಕ್ಕರೆ ತಿಂಗಳುಗಟ್ಟಲೆ ಔಷಧ ಹಾಕಬೇಕು. ಇವನಿಗೆ ಅದು ಆಗಿರಲಿಲ್ಲ, ಪುಣ್ಯ.

ಈಗ ಆ ಸೊನ್ನೆಯ ವಿಷಯಕ್ಕೆ ಬರುತ್ತೇನೆ. ನಾನು ಇಷ್ಟೆಲ್ಲ ಬರೆಯಲು ಕಾರಣವೇ ಅದು.

ಲೆನ್ಸಿನ ಮೇಲಿನ ನಂಬರ್ ಹೇಳುವುದು ಒಂದೇ ಸಂಗತಿ, ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವುದು. ಸೊನ್ನೆ ಅಂದರೆ ಬಾಗಿಸುವುದಿಲ್ಲ ಅಂತ. ಸೊನ್ನೆ ಅಂದರೆ ಅಪಾಯ ಸೊನ್ನೆ ಅಂತ ಅಲ್ಲ, ಅಳತೆ ಬೇಕಾಗಿಲ್ಲ ಅಂತಲೂ ಅಲ್ಲ. ಕನ್ನಡಕವಾದರೆ ಮೂಗಿನ ಮೇಲೆ ಕೂರುತ್ತದೆ, ಸಡಿಲವಾದರೆ ಜಾರುತ್ತದೆ, ಅಷ್ಟೇ. ಲೆನ್ಸ್ ಕೂರುವುದು ಜೀವ ಇರುವ ಕಾರ್ನಿಯಾದ ಮೇಲೆ. ಕಾಲಿಗೆ ಕಾಲು ಹೇಗೆ ಬೇರೆಯೋ ಕಣ್ಣಿನ ಬಾಗೂ ಹಾಗೇ ಬೇರೆ ಬೇರೆ. ಅಳತೆ ನೋಡದೆ ಚಪ್ಪಲಿ ಕೊಂಡರೆ ಹಿಮ್ಮಡಿ ಉಜ್ಜಿ ಬೊಬ್ಬೆ ಬರುತ್ತದೆ, ಅಲ್ವಾ? ಬಿಗಿಯಾದ ಲೆನ್ಸ್ ನಾಲ್ಕಾರು ತಾಸು ಕಳೆದ ಮೇಲೆ ಕಣ್ಣಿಗೆ ಕಚ್ಚಿಕೊಳ್ಳುತ್ತದೆ. ಅಡಿಯಲ್ಲಿ ಕಣ್ಣೀರು ಓಡಾಡುವುದು ನಿಲ್ಲುತ್ತದೆ. ಸಡಿಲವಾದದ್ದು ಪ್ರತಿ ಸಲ ರೆಪ್ಪೆ ಬಡಿದಾಗಲೂ ಉಜ್ಜುತ್ತದೆ.

ಇನ್ನೊಂದು, ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಇದ್ದಿದ್ದರೆ ಅದು ಗಾಜಿನ ಹಾಗೆ ತಿಳಿಯಾಗಿ ಇರುತ್ತಿರಲಿಲ್ಲ. ಹಾಗಾಗಿ ಅದು ಉಸಿರಾಡುವುದು ನೇರವಾಗಿ ಗಾಳಿಯಿಂದ, ಕಣ್ಣೀರಿನ ಮೂಲಕ. ನಾವು ಕಣ್ಣು ಮುಚ್ಚಿ ಮಲಗಿದರೆ ಸಾಕು, ಅದಕ್ಕೆ ಸಿಗುವ ಆಮ್ಲಜನಕ ಮೂರನೇ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಅದರ ಮೇಲೆ ಬಣ್ಣದ ದಪ್ಪ ಲೆನ್ಸ್ ಇದ್ದರೆ? ಈ ಅಗ್ಗದ ಲೆನ್ಸುಗಳಲ್ಲಿ ಎಷ್ಟೋ ಕಡೆ ಬಣ್ಣ ಎರಡು ಪದರದ ಮಧ್ಯೆ ಇರುವುದಿಲ್ಲ, ಮೇಲ್ಮೈಯಲ್ಲೇ ಇರುತ್ತದೆ. ಬೆರಳಿಗೆ ನುಣುಪು ಅನಿಸಿದರೂ ಸೂಕ್ಷ್ಮದರ್ಶಕದಲ್ಲಿ ಒರಟು ಕಾಣುತ್ತದೆ, ಅಂಥ ಒರಟು ಜಾಗದಲ್ಲಿ ಬ್ಯಾಕ್ಟೀರಿಯಾ ಬೇಗ ಹಿಡಿದು ಕೂರುತ್ತವೆ. ಇವನ ಲೆನ್ಸನ್ನು ಹತ್ತಿಯಿಂದ ಒರೆಸಿದಾಗ ಹತ್ತಿಗೆ ಕೆಂಪು ಹತ್ತಿತು. ಆ ಹತ್ತಿಯನ್ನು ನೋಡಿ ನನಗೆ ಮಾತೇ ಬರಲಿಲ್ಲ.

ಫ್ರಾನ್ಸಿನ ಕಣ್ಣಿನ ವೈದ್ಯರು ಮಾಡಿದ ಒಂದು ಅಧ್ಯಯನದಲ್ಲಿ, ಅಂದಕ್ಕಾಗಿ ಬಣ್ಣದ ಲೆನ್ಸ್ ಹಾಕಿದವರಲ್ಲಿ ಕಾರ್ನಿಯಾದ ಸೋಂಕಿನ ಅಪಾಯ ನಂಬರಿಗಾಗಿ ಹಾಕುವವರಿಗಿಂತ 16 ಪಟ್ಟು ಜಾಸ್ತಿ ಕಂಡಿತ್ತು. ನಂಬರಿನವರು ಕಣ್ಣು ತೋರಿಸಿ, ಅಳತೆ ಕೊಟ್ಟು, ಹಾಕುವುದು ತೆಗೆಯುವುದು ಕಲಿತು ಹೋಗುತ್ತಾರೆ. ಇವರಿಗೆ ಅದ್ಯಾವುದೂ ಇರುವುದಿಲ್ಲ. ಅಮೆರಿಕದಲ್ಲಿ 2005ರಿಂದಲೇ ಎಲ್ಲ ಕಾಂಟ್ಯಾಕ್ಟ್ ಲೆನ್ಸೂ ವೈದ್ಯಕೀಯ ಸಾಧನ, ವೇಷಕ್ಕೆ ಹಾಕುವುದೂ ಸೇರಿ, ಚೀಟಿ ಇಲ್ಲದೆ ಮಾರುವಂತಿಲ್ಲ. ನಮ್ಮಲ್ಲೂ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾನೂನಿನ ಕೆಳಗೆ ಬಂದಿವೆ. ಆದರೆ ವಿಳಾಸವೇ ಇಲ್ಲದ ಡಬ್ಬಿಯೊಂದು ನಾಲ್ಕು ದಿನದಲ್ಲಿ ರೂಮಿನ ಬಾಗಿಲಿಗೆ ಬಂತು. ನನಗೆ ಇದರ ಬಗ್ಗೆ ನಿಜವಾಗಲೂ ಸಿಟ್ಟಿದೆ.

ಚಿಕಿತ್ಸೆ ಶುರುವಾಯಿತು. ಸ್ಟೆರಾಯ್ಡ್ ಡ್ರಾಪ್ಸ್ ಅಲ್ಲಿಗೆ ಬಂದ್. ಅಡ್ಮಿಟ್ ಮಾಡಿಕೊಂಡರು. ಸೆಫಾಜೋಲಿನ್, ಟೋಬ್ರಾಮೈಸಿನ್ ಅನ್ನುವ ಎರಡು ಆ್ಯಂಟಿಬಯೋಟಿಕ್‌ಗಳನ್ನು ಇಂಜೆಕ್ಷನ್ ಔಷಧ ಬೆರೆಸಿ ಶಕ್ತಿ ಹೆಚ್ಚಿಸಿದ ಹನಿಗಳಾಗಿ ಕೊಟ್ಟರು, ಫ್ರಿಜ್‌ನಲ್ಲಿ ಇಡಬೇಕಾದವು. ತಾಸಿಗೊಮ್ಮೆ ಒಂದು ಹನಿ ಇದು, ಐದು ನಿಮಿಷ ಬಿಟ್ಟು ಒಂದು ಹನಿ ಅದು. ಹಗಲು ರಾತ್ರಿ ಎರಡೂ, ಎರಡು ದಿನ ಪೂರ್ತಿ. ನೋವಿಗೆ ಪಾಪೆ ಹಿಗ್ಗಿಸುವ ಹನಿ ಬೇರೆ. ಕಣ್ಣಿಗೆ ಪಟ್ಟಿ ಕಟ್ಟಲಿಲ್ಲ. ಕಟ್ಟಿದರೆ ಒಳಗೆ ಬಿಸಿ, ಕತ್ತಲೆ, ಒದ್ದೆ, ಕ್ರಿಮಿಗೆ ಅದೇ ಬೇಕು.

ಊರಿಂದ ತಾಯಿ ಬಂದರು. ಓದು ಬರಹ ಇಲ್ಲ. ನನ್ನನ್ನು ಕಂಡವರೇ "ಯಣ್ಣಾ, ನನ್ನ ಮಗನ ಕಣ್ಣು ಉಳೀತಾದೇನ್ರಿ?" ಅಂತ ಕೈ ಹಿಡಿದುಕೊಂಡರು. ಉಳಿಯುತ್ತದೆ ಅಂತ ನಾನು ಹೇಳಲಿಲ್ಲ, ಹೇಳುವ ಹಾಗೆಯೂ ಇರಲಿಲ್ಲ. ಹನಿ ತಪ್ಪಿಸಬೇಡ್ರಿ ಅಕ್ಕಾ ಅಂದೆ. ಅವರು ಸೀರೆಯ ಸೆರಗಿನ ಗಂಟಿನಿಂದ ತೊಗರಿ ಕಾಳು ತೆಗೆದು 24 ಎಣಿಸಿ ಒಂದು ವಾಟಿಯಲ್ಲಿ ಹಾಕಿಕೊಂಡರು. ಮೊಬೈಲ್ ಅಲಾರಂ ಬಡಿದಾಗಲೆಲ್ಲ ಎದ್ದು ಎರಡೂ ಹನಿ ಹಾಕಿಸುವುದು, ಒಂದು ಕಾಳನ್ನು ಪಕ್ಕದ ವಾಟಿಗೆ ಹಾಕುವುದು. ಎರಡನೇ ಬೆಳಿಗ್ಗೆ ಡಾಕ್ಟರ್ ಬಂದು ಎಷ್ಟು ಸಲ ಹಾಕಿದ್ರಿ ಅಂತ ಕೇಳಿದಾಗ ಸುಮ್ನೆ ಎರಡು ವಾಟಿಯನ್ನೂ ಮುಂದೆ ಹಿಡಿದರು. ಒಂದು ಖಾಲಿ, ಒಂದು ತುಂಬಿತ್ತು. ಆ ಕಣ್ಣು ಉಳಿದಿದ್ದರಲ್ಲಿ ಔಷಧದ್ದು ಎಷ್ಟು ಪಾಲೋ ಆ ಕಾಳಿನದೂ ಅಷ್ಟೇ ಪಾಲು ಅಂತ ನಾನು ನಂಬುತ್ತೇನೆ.

ಐದನೇ ದಿನಕ್ಕೆ ಒಳಗಿನ ಕೀವು ಹೋಗಿತ್ತು. ಹುಣ್ಣು ಪೂರ್ತಿ ಮುಚ್ಚಲು ಮೂರು ವಾರ ಹಿಡಿಯಿತು. ಕಣ್ಣು ಉಳಿಯಿತು, ಆದರೆ ಕಲೆ ಉಳಿಯಿತು. ನಮ್ಮ ಹಿರಿಯರು ಇದಕ್ಕೆ ಕಣ್ಣಿಗೆ ಹೂ ಬಿತ್ತು ಅನ್ನುತ್ತಾರೆ. ಕಾರ್ನಿಯಾದ ಆಳದ ಗಾಯ ಮಾಯುವಾಗ ಬರುವುದು ಮೊದಲಿನ ತಿಳಿ ಪದರ ಅಲ್ಲ, ಬಿಳಿ ಕಲೆ. ಹನಿ ಹಾಕಿ ಅದನ್ನು ತೆಗೆಯಲು ಆಗುವುದಿಲ್ಲ. ಕಲೆ ಬೆಳಕನ್ನು ತಡೆಯುವುದು ಒಂದು ತೊಂದರೆ, ಸುತ್ತಲಿನ ಮೇಲ್ಮೈ ಏರುಪೇರಾಗಿ ಎಳೆದುಕೊಂಡಿರುವುದು ಇನ್ನೊಂದು. ಆರು ವಾರಕ್ಕೆ 6/60 ಓದುತ್ತಿದ್ದ, ಅಂದರೆ ಚಾರ್ಟಿನ ಮೇಲಿನ ದೊಡ್ಡ ಅಕ್ಷರ ಮಾತ್ರ, ನಾಲ್ಕು ತಿಂಗಳಿಗೆ 6/24, ಅಂದರೆ ಮೂರನೇ ಸಾಲು. ಕನ್ನಡಕದಿಂದ ಇನ್ನೇನೂ ಜಾಸ್ತಿ ಆಗಲಿಲ್ಲ. ಅಳತೆ ಮಾಡಿ ಗಟ್ಟಿ ಲೆನ್ಸ್ ಇಟ್ಟು ನೋಡಿದಾಗ 6/12ವರೆಗೆ ಬಂತು. ಆದರೆ ಲೆನ್ಸ್ ಅಂದರೇ ಈಗ ಅವನಿಗೆ ಮೈ ನಡುಕ, ಬೇಡ ಅಂದ. ಒತ್ತಾಯ ಮಾಡಲಿಲ್ಲ. ಕಾರ್ನಿಯಾ ಬದಲಿಸುವ ಆಪರೇಷನ್ ಈಗಲೇ ಬೇಡ ಅನ್ನುವುದು ಹೈದರಾಬಾದಿನಲ್ಲಿ ತೋರಿಸಿದ ಡಾಕ್ಟರ ಅಭಿಪ್ರಾಯವೂ ಆಗಿತ್ತು. ಬೇರೆಯವರ ಕಾರ್ನಿಯಾ ಹಾಕಿದರೆ ದೇಹ ಅದನ್ನು ಒಪ್ಪದೆಯೂ ಹೋಗಬಹುದು, ವರ್ಷಗಟ್ಟಲೆ ಹನಿ, ವರ್ಷಗಟ್ಟಲೆ ತಪಾಸಣೆ.

ಅದೇ ಲೆನ್ಸ್ ಹಾಕಿಕೊಂಡಿದ್ದ ಗೆಳೆಯನ ಕಣ್ಣನ್ನೂ ಅದೇ ವಾರ ನೋಡಿದೆವು. ಏನೂ ಆಗಿರಲಿಲ್ಲ. ಇಪ್ಪತ್ತು ನಿಮಿಷ, ಗಾಯ ಇಲ್ಲ, ಮಲಗಿರಲಿಲ್ಲ. ಇದನ್ನು ನೋಡಿ "ನನಗೇನೂ ಆಗಲಿಲ್ಲ" ಅನ್ನುವವರು ಜಾಸ್ತಿ. ನನ್ನ ಭಯ ಇರುವುದೂ ಅಲ್ಲೇ.

ಹಾಗಾದರೆ ಬಣ್ಣದ ಲೆನ್ಸ್ ಹಾಕಲೇಬಾರದಾ ಅಂತ ಕೇಳುತ್ತಾರೆ, ಮದುವೆ ಸೀಸನ್‌ನಲ್ಲಿ ವಧುಗಳು ಬಂದು ಕೇಳುತ್ತಾರೆ. ಹಾಕಬಹುದು. ನಂಬರ್ ಇಲ್ಲದಿದ್ದರೂ ಕಣ್ಣು ತೋರಿಸಿ, ಅಳತೆ ಕೊಟ್ಟು, ಒಂದು ದಿನ ಹಾಕಿ ಬಿಸಾಕುವಂಥದ್ದನ್ನು ಗೊತ್ತಿರುವ ಕಂಪನಿಯದ್ದೇ ಕೊಂಡು ಹಾಕಿ. ಕೈ ತೊಳೆದು ಒರೆಸಿಕೊಂಡೇ ಮುಟ್ಟಿ, ನೀರು ತಾಗಿಸಬೇಡಿ, ಲೆನ್ಸ್ ಹಾಕಿದ ಮೇಲೆಯೇ ಮೇಕಪ್ ಮಾಡಿಸಿಕೊಳ್ಳಿ, ಮಲಗುವ ಮೊದಲು ಎಷ್ಟೇ ದಣಿದಿದ್ದರೂ ತೆಗೆಯಿರಿ. ಅಂಟಿಕೊಂಡಿದ್ದರೆ ಕೀಳಬೇಡಿ, ಕಣ್ಣೀರಿನ ಹನಿ ಅಂತ ಸಿಗುತ್ತದಲ್ಲ, ಅದನ್ನು ನಾಲ್ಕಾರು ಸಲ ಹಾಕಿ ಸಡಿಲವಾದ ಮೇಲೆ ತೆಗೆಯಿರಿ, ಬರದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಪಾರ್ಲರ್‌ನವರು ತಮ್ಮ ಡಬ್ಬಿಯಿಂದ ತೆಗೆದು ಹಾಕಲು ಬಂದರೆ ಬೇಡ ಅನ್ನಿ, ಆ ಜೋಡಿ ನಿಮಗಿಂತ ಮೊದಲು ಎಷ್ಟು ಜನರ ಕಣ್ಣಲ್ಲಿತ್ತೋ ಯಾರಿಗೆ ಗೊತ್ತು. ಚುಚ್ಚಿದರೆ ಆ ಕ್ಷಣಕ್ಕೇ ತೆಗೆಯಿರಿ, ಮುಹೂರ್ತ ಇರಲಿ, ನಾಟಕ ಇರಲಿ. ತೆಗೆದ ಮೇಲೂ ನೋವು, ಮಂಜು, ಬೆಳಕು ತಡೆಯದಿರುವುದು ಇದ್ದರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಹೋದ ಕೂಡಲೇ ಲೆನ್ಸ್ ಹಾಕಿದ್ದೆ ಅಂತ ಮೊದಲು ಹೇಳಿ.

ನಾಟಕದ ವಿಡಿಯೋವನ್ನು ಆ ಗೆಳೆಯ ನನಗೆ ತೋರಿಸಿದ. ಹುಡುಗ ಚೆನ್ನಾಗಿ ಮಾಡಿದ್ದಾನೆ, ದನಿ ಇದೆ, ಹೆಜ್ಜೆ ಇದೆ. ನಮ್ಮ ಬಯಲಾಟದವರು ಬರೀ ಕಾಡಿಗೆ, ಕೆಂಪು ಬಣ್ಣ, ದಪ್ಪ ಮೀಸೆಯಲ್ಲಿ ರಾಕ್ಷಸನನ್ನು ತಂದು ನಿಲ್ಲಿಸುತ್ತಾರೆ, ಇವನ ಮುಖಕ್ಕೂ ಅದೆಲ್ಲ ಇತ್ತು. ಮೂರನೇ ಸಾಲಿನಲ್ಲಿ ಕೂತು ತೆಗೆದ ವಿಡಿಯೋ ಅದು. ಎರಡು ಸಲ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ. ಕಣ್ಣು ಕೆಂಪು ಅಂತ ಗೊತ್ತೇ ಆಗುವುದಿಲ್ಲ.

ಹೋದ ತಿಂಗಳು ತಪಾಸಣೆಗೆ ಬಂದಿದ್ದ. ಬಲಗಣ್ಣು ಮುಚ್ಚಿಕೊಂಡು ಎಡಗಣ್ಣಿನಿಂದ ಓದು ಅಂದೆ. ಮೇಲಿನಿಂದ ಶುರು ಮಾಡಿ ಸರಾಗವಾಗಿ ಓದುತ್ತಾ ಹೋದ. ನಾಲ್ಕನೇ ಸಾಲು, ಐದನೇ ಸಾಲು, ಆರನೆಯದೂ ಆಯಿತು. ನನಗೆ ಎದೆ ಧಸಕ್ಕೆಂದಿತು, ಒಂದು ಕ್ಷಣ ನಂಬಿಯೂಬಿಟ್ಟೆ. ಆಮೇಲೆ ತಿಳಿಯಿತು. ಪೊಲೀಸ್ ಭರ್ತಿಯಲ್ಲಿ ಕಣ್ಣಿನ ಪರೀಕ್ಷೆಯೂ ಇರುತ್ತದೆ. ಅದಕ್ಕಾಗಿ ಚಾರ್ಟನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದ.

ಏನೂ ಅನ್ನಲಿಲ್ಲ. ಎದ್ದು ಹೋಗಿ ಚಾರ್ಟನ್ನು ಹಿಂದುಮುಂದು ಮಾಡಿದೆ. ಆ ಕಡೆ ಬೇರೆ ಅಕ್ಷರಗಳಿವೆ. "ಈಗ ಓದು ತಮ್ಮಾ" ಅಂದೆ. ಮೂರನೇ ಸಾಲಿಗೆ ನಿಂತ.